ನಾಲ್ಕೂ ಕಡೆ ಕೆಂಪು

ಫೆಬ್ರವರಿ ೧೧

ಪ್ರೀತಿಯ ಅಕ್ಕನಿಗೆ,

ಇನ್ನು ಮೇಲೆ ನಿನಗೆ ಕಾಗದವೇ ಗತಿ. ಹೋದ ಭಾನುವಾರ ಫೋನಿನಲ್ಲಿ ಕೂಗಿ ಕೂಗಿ ನಮ್ಮ ಸುದ್ದಿಯೆಲ್ಲ ಈ ಬೀದಿಗೇ ಗೊತ್ತಾಯಿತು, ನಿನಗೊಬ್ಬಳಿಗೆ ಗೊತ್ತಾಗಲಿಲ್ಲ. ಕೆಳಗಿನ ಅಂಗಡಿಯ ಬೀಗ ರಿಪೇರಿಯವನು ಮರುದಿನ ಬೆಳಿಗ್ಗೆ ಭಾವನ ಮಂಡಿನೋವು ಹೇಗಿದೆ ಎಂದು ನನ್ನನ್ನು ವಿಚಾರಿಸಿಕೊಂಡ. ಮೂವತ್ತು ವರ್ಷ ನಡುರಸ್ತೆಯ ಹಾರನ್ನು, ಡ್ರಿಲ್ಲು ಕೇಳಿದ ಕಿವಿ ನಿನ್ನದು, ಅದಕ್ಕೂ ಸಾಕಾಗಿರಬೇಕು. ಬರೆಯುವುದರಲ್ಲಿ ಒಂದು ಅನುಕೂಲವೂ ಇದೆ. ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಹೊಸ ಕೆಲಸ ಈಗ ಕೈಗೆ ಹತ್ತಿದೆ. ಲಾಂಡ್ರಿಯಲ್ಲಿ ಒಗೆದು ಮಡಿಸಿಟ್ಟ ಬೆಡ್‌ಶೀಟು, ದಿಂಬಿನ ಚೀಲ, ಆಪರೇಶನ್ ಅಂಗಿಗಳನ್ನು ವ್ಯಾನಿಗೆ ತುಂಬಿಸಿಕೊಂಡು ನಾಲ್ಕು ಆಸ್ಪತ್ರೆಗಳಿಗೆ ಮುಟ್ಟಿಸಬೇಕು, ಅಲ್ಲಿಂದ ಮಾಸಿದ್ದನ್ನು ತರಬೇಕು. ದಿನಕ್ಕೆ ಎರಡು ಸುತ್ತು. ದಾರಿಯಲ್ಲಿ ಒಂಬತ್ತು ಸಿಗ್ನಲ್ಲು. ಉಳಿದ ಡ್ರೈವರುಗಳು ಒಂಬತ್ತರಲ್ಲೂ ನಿಂತು ಆಕಳಿಸುತ್ತಾರೆ. ನಾನು ನಿಲ್ಲುವುದಿಲ್ಲ, ಏಕೆಂದರೆ ಸಿಗ್ನಲ್ ರಿಪೇರಿ ಮಾಡುವ ಅಕ್ಕ ಅವರಿಗೆ ಯಾರಿಗೂ ಇಲ್ಲ.

ನನಗೆ ಲೈಸೆನ್ಸ್ ಸಿಕ್ಕ ದಿನ ನೀನು ಹೇಳಿದ ಗುಟ್ಟು ನೆನಪಿದೆಯಾ? ಒಂದು ರಸ್ತೆಗೆ ಕೆಂಪು ಬಿದ್ದ ಮೇಲೆ ಅಡ್ಡರಸ್ತೆಗೆ ತಕ್ಷಣ ಹಸಿರು ಬರುವುದಿಲ್ಲ, ಎರಡು ಸೆಕೆಂಡು ನಾಲ್ಕೂ ಕಡೆ ಕೆಂಪೇ ಇರುತ್ತದೆ ಎಂದಿದ್ದೆ. ಆ ಎರಡು ಸೆಕೆಂಡು ನನ್ನದು. ಕೆಂಪು ಬೀಳುತ್ತದೆ, ಒಂದು, ಎರಡು, ಅಷ್ಟರಲ್ಲಿ ನಾನು ಆಚೆ. ಅಡ್ಡರಸ್ತೆಯವರು ಗೇರ್ ಹಾಕುವಷ್ಟರಲ್ಲಿ ನನ್ನ ವ್ಯಾನಿನ ಬೆನ್ನು ಮಾತ್ರ ಕಾಣುತ್ತದೆ. ಸುತ್ತಿಗೆ ಇಪ್ಪತ್ತು ನಿಮಿಷ ಉಳಿಯುತ್ತದೆ. ಸೂಪರ್‌ವೈಸರ್ ನನಗೆ ಪಾದರಸ ಎಂದು ಹೆಸರಿಟ್ಟಿದ್ದಾರೆ.

ಮದುವೆ ವಿಷಯ ಎತ್ತಬೇಡ. ನಲವತ್ತಮೂರಾಯಿತು, ನಾನು ಆ ಆಸೆ ಬಿಟ್ಟಿದ್ದೇನೆ, ನೀನೂ ಬಿಡು.

ನಿನ್ನ ತಮ್ಮ


ಫೆಬ್ರವರಿ ೨೪

ತಮ್ಮಾ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಇಡೀ ವರ್ಕ್‌ಶಾಪಿಗೆ ಓದಿ ಹೇಳಿದೆ. ಸಿಗ್ನಲ್ಲಿನ ಹೊಟ್ಟೆಯೊಳಗಿನ ಗುಟ್ಟು ಗೊತ್ತಿರುವ ಡ್ರೈವರು ಎಂದರೆ ನನ್ನ ತಮ್ಮ ಒಬ್ಬನೇ ಎಂದು ಜಂಬ ಕೊಚ್ಚಿಕೊಂಡೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಲ್ಲಿ ನನಗೆ ಹೊಸ ಕೆಲಸ ಅಂಟಿಸಿದ್ದಾರೆ. ಆರು ಜನ ಹೊಸಬರಿಗೆ ಪಾಠ ಹೇಳಬೇಕಂತೆ. ಕಿವಿ ಕೇಳದ ಮೇಷ್ಟರಿಗೆ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಇಲ್ಲ, ಹಾಗಾಗಿ ಪಾಠ ಬೇಗ ಮುಗಿಯುತ್ತದೆ. ಹೊಸ ಪೆಟ್ಟಿಗೆಗಳೂ ಬಂದಿವೆ, ಸಿಗ್ನಲ್ ಕಂಬದ ಬುಡದಲ್ಲಿ ಕೂತು ಯಾವ ದೀಪ ಎಷ್ಟು ಹೊತ್ತು ಎಂದು ಲೆಕ್ಕ ಇಡುವ ಪೆಟ್ಟಿಗೆಗಳು. ಒಳಗೆ ಏನೇನೋ ಹೊಸ ಏರ್ಪಾಡು. ಅದೆಲ್ಲ ಇನ್ನೊಂದು ಸಲ ಬರೆಯುತ್ತೇನೆ.

ಭಾವನ ಮಂಡಿ ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಹುಷಾರಾಗಿ ಓಡಿಸು, ಹೊಟ್ಟೆ ತುಂಬ ಊಟ ಮಾಡು. ಮದುವೆ ವಿಷಯ ಎತ್ತಬೇಡ ಎಂದೆಯಲ್ಲ, ಎತ್ತುವುದಿಲ್ಲ. ಆದರೆ ನಲವತ್ತಮೂರು ಒಂದು ವಯಸ್ಸೇ ಅಲ್ಲ.

ಅಕ್ಕ


ಮಾರ್ಚ್ ೧೯

ಅಕ್ಕಾ,

ಇದನ್ನು ಅಂಚೆಗೆ ಹಾಕುವ ಧೈರ್ಯ ನನಗಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ, ಕಾಗದಕ್ಕಾದರೂ ಹೇಳುತ್ತೇನೆ.

ಮೊನ್ನೆ ಹದಿನೇಳನೇ ತಾರೀಖು, ಬೆಳಗಿನ ಹನ್ನೊಂದೂವರೆ. ಪೀಠೋಪಕರಣದ ಅಂಗಡಿ ಇರುವ ಚೌಕ. ಹಳದಿ ಬಂದಾಗ ನನ್ನ ಮುಂದೆ ಒಂದು ಬಸ್ಸಿತ್ತು, ಅದು ದಾಟಿತು, ಕೆಂಪು ಬಿತ್ತು. ನಾನು ದಿನಾ ಎಣಿಸುವ ಹಾಗೆ ಎಣಿಸುತ್ತಾ ಕಾಲು ಒತ್ತಿದೆ. ರಸ್ತೆ ದಾಟುವ ಬಿಳಿ ಪಟ್ಟೆಗಳ ಮೇಲೆ ಒಬ್ಬ ಹೆಂಗಸು ಇದ್ದಳು. ಹೆಗಲಿಗೆ ಹಸಿರು ಚೀಲ, ಕೈಯಲ್ಲಿ ಒಂದು ಪುಸ್ತಕ. ನಾನು ಬಲಕ್ಕೆ ಎಳೆದೆ. ಗಾಡಿ ಅವಳನ್ನು ಮುಟ್ಟಲಿಲ್ಲ, ಅಕ್ಕ, ಆಣೆ ಮಾಡಿ ಹೇಳುತ್ತೇನೆ. ಅವಳು ಹಿಂದಕ್ಕೆ ಹಾರಿದಳು, ಹಿಮ್ಮಡಿ ಫುಟ್‌ಪಾತಿನ ಅಂಚಿಗೆ ತಗುಲಿತು, ಪಕ್ಕಕ್ಕೆ ಬಿದ್ದಳು. ಕನ್ನಡಿಯಲ್ಲಿ ನೋಡಿದೆ. ಇಬ್ಬರು ಅವಳ ಕಡೆ ಓಡಿದರು. ಇಬ್ಬರು ಬಂದರಲ್ಲ, ಸಾಕು ಎಂದುಕೊಂಡೆ. ಹಾಗೆ ಅಂದುಕೊಂಡು ನಿಲ್ಲಿಸದೆ ಹೋದೆ.

ನಿನ್ನೆ ಎರಡನೇ ಆಸ್ಪತ್ರೆಯಲ್ಲಿ, ಮೂರನೇ ಮಹಡಿಯ ಮೂಳೆ ವಾರ್ಡಿಗೆ ಬೆಡ್‌ಶೀಟು ತಳ್ಳಿಕೊಂಡು ಹೋದೆ. ನರ್ಸ್ ಹದಿನೇಳನೇ ಮಂಚದ ಹಾಸಿಗೆ ಬದಲಿಸುತ್ತಾ ಹೇಳಿದಳು, "ಯಾವುದೋ ಬಿಳಿ ಗಾಡಿಯಂತೆ. ಕೆಂಪು ಬಿದ್ದ ಮೇಲೂ ನುಗ್ಗಿದನಂತೆ. ತೊಡೆ ಮೂಳೆ ಎರಡು ತುಂಡು." ಅವಳಿಗೆ ಹಾಸಬೇಕಾದ ಬೆಡ್‌ಶೀಟು ನನ್ನ ಕೈಯಲ್ಲೇ ಇತ್ತು. ಅದೇ ಹೆಂಗಸು. ಕರೆಂಟು ಮೀಟರ್ ಓದುವವಳಂತೆ, ದಿನಕ್ಕೆ ಇನ್ನೂರು ಮನೆ ನಡೆದು ಹತ್ತಿ ಇಳಿಯುವವಳು. ನನ್ನ ಕಡೆ ತಿರುಗಿ ಥ್ಯಾಂಕ್ಸ್ ಹೇಳಿದಳು. ನಾನು ಮೆಟ್ಟಿಲ ಹತ್ತಿರ ಬಂದು ಕೂತೆ.

ನನಗೆ ಅರ್ಥವಾಗದ್ದು ಒಂದೇ. ಅಡ್ಡರಸ್ತೆಯ ಒಂದು ಗಾಡಿಯೂ ಕದಲಿರಲಿಲ್ಲ. ನನ್ನ ಎಣಿಕೆ ಸರಿಯಾಗೇ ಇತ್ತು. ಹಾಗಿದ್ದರೆ ಅವಳು ರಸ್ತೆಗೆ ಇಳಿದದ್ದು ಹೇಗೆ?


ಮಾರ್ಚ್ ೨೧

ಪ್ರೀತಿಯ ಅಕ್ಕನಿಗೆ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕೆಲಸ ಜಾಸ್ತಿ.

ವಿಶೇಷ ಏನಿಲ್ಲ. ಮೂಳೆ ವಾರ್ಡಿಗೆ ಮೀಟರ್ ಓದುವವಳೊಬ್ಬಳು ಬಂದಿದ್ದಾಳೆ, ನರ್ಸುಗಳೆಲ್ಲ ಮೀಟರಮ್ಮ ಎನ್ನುತ್ತಾರೆ. ವಯಸ್ಸು ನನ್ನಷ್ಟೇ ಇರಬಹುದು. ಬಿದ್ದು ಕಾಲು ಮುರಿದುಕೊಂಡಿದ್ದಾಳೆ. ಮನೆಯವರು ಎಂದರೆ ದೂರದಲ್ಲಿರುವ ಒಬ್ಬ ಚಿಕ್ಕಮ್ಮ ಮಾತ್ರ. ಮಲಗಿದಲ್ಲೇ ಇಡೀ ವಾರ್ಡನ್ನು ನಗಿಸುತ್ತಾಳೆ. ಜನ ಮೀಟರಿನ ಎದುರಿಗೇ ಚಪ್ಪಲಿ ಕಪಾಟು ಇಡುತ್ತಾರಂತೆ, ಇವಳು ಓದುವಾಗಲೆಲ್ಲ ಊರಿನ ಚಪ್ಪಲಿಗೆ ನಮಸ್ಕಾರ ಮಾಡಿದ ಹಾಗಾಗುತ್ತದಂತೆ. ನಾನು ದಿನಾ ಬಟ್ಟೆ ಕೊಡಲು ಹೋದಾಗ ಎರಡು ನಿಮಿಷ ನಿಂತು ವಿಚಾರಿಸುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ಆ ಎರಡು ಸೆಕೆಂಡು ಎಲ್ಲ ಚೌಕದಲ್ಲೂ ಒಂದೇ ತರಹ ಇರುತ್ತದಾ? ಸುಮ್ಮನೆ ಕೇಳಿದೆ.

ನಿನ್ನ ತಮ್ಮ


ಏಪ್ರಿಲ್ ೨

ಲೋ ತಮ್ಮಾ,

ವಿಶೇಷ ಏನಿಲ್ಲ ಎಂದು ಬರೆದು ಒಂದು ಪುಟದಲ್ಲಿ ಮುಕ್ಕಾಲು ಭಾಗ ಒಬ್ಬಳ ಬಗ್ಗೆಯೇ ಬರೆದಿದ್ದೀಯ. ನನಗೆ ಕಿವಿ ಕೇಳುವುದಿಲ್ಲ, ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಭಾವನಿಗೂ ತೋರಿಸಿದೆ. ಅವರು ಎರಡು ಸಲ ಓದಿ, ಬಟ್ಟೆ ಕೊಡಲು ಹೋದವನು ಮನಸ್ಸೂ ಕೊಟ್ಟು ಬಂದ ಎಂದರು. ನಾನು ಏನೂ ಹೇಳುವುದಿಲ್ಲಪ್ಪ, ನೀನು ಎತ್ತಬೇಡ ಎಂದಿದ್ದೀಯ. ಈ ಪಾರ್ಸಲಿನಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲ ಇದೆ, ನಾನೇ ಹೆಣೆದದ್ದು. ಆಸ್ಪತ್ರೆಯ ನೆಲ ತಣ್ಣಗಿರುತ್ತದೆ. ಯಾರಿಗೆ ಎಂದು ಬರೆಯಬೇಕಾಗಿಲ್ಲವಲ್ಲ?

ನಿನ್ನ ಪ್ರಶ್ನೆಗೆ ಉತ್ತರ. ಇಲ್ಲ, ಎಲ್ಲ ಕಡೆ ಒಂದೇ ತರಹ ಇರುವುದಿಲ್ಲ. ಹೊಸ ಪೆಟ್ಟಿಗೆ ಹಾಕಿದಲ್ಲಿ ಗಾಡಿಗಳಿಗೆ ನಾಲ್ಕೂ ಕಡೆ ಕೆಂಪು ಇರುವ ಹೊತ್ತನ್ನು ಹೆಚ್ಚು ಮಾಡಿ, ಅದನ್ನು ನಡೆಯುವವರಿಗೆ ಬಿಟ್ಟುಕೊಟ್ಟಿದ್ದಾರೆ. ಕೆಂಪು ಬಿದ್ದು ಒಂದೇ ಸೆಕೆಂಡಿಗೆ ನಡೆಯುವವರ ಹಸಿರು ಬರುತ್ತದೆ. ಗಾಡಿಗಳು ಇನ್ನೂ ನಿಂತಿರುವಾಗಲೇ ಅವರು ನಾಲ್ಕು ಹೆಜ್ಜೆ ಮುಂದೆ ಇರಬೇಕು, ಡ್ರೈವರುಗಳ ಕಣ್ಣಿಗೆ ಬೀಳಬೇಕು ಎಂದು. ಒಳ್ಳೆಯ ಏರ್ಪಾಡು. ನಿಮ್ಮ ಊರಿನಲ್ಲೂ ಹಾಕಿದ್ದಾರೆ. ಆದ್ದರಿಂದ ನಿನ್ನ ಆಟ ಇನ್ನು ಸಾಕು, ಬಿಟ್ಟುಬಿಡು.

ಅವಳಿಗೆ ಏನು ಇಷ್ಟ ಎಂದು ಕೇಳಿ ಬರಿ.

ಅಕ್ಕ


ಏಪ್ರಿಲ್ ೨೦

ಅಕ್ಕಾ,

ಈ ಕಾಗದದ ಜೊತೆ ಇನ್ನೊಂದು ಇದೆ, ಮಾರ್ಚ್ ಹತ್ತೊಂಬತ್ತರದ್ದು. ಮೊದಲು ಅದನ್ನು ಓದು. ಓದಿದ ಮೇಲೆ ಇದನ್ನು ಓದುವ ಮನಸ್ಸಿದ್ದರೆ ಓದು.

ನಿನ್ನ ಉತ್ತರ ಬಂದ ದಿನ ಕೆಲಸ ಮುಗಿಸಿ ಆ ಚೌಕಕ್ಕೆ ನಡೆದುಕೊಂಡು ಹೋದೆ. ಪೀಠೋಪಕರಣದ ಅಂಗಡಿಯ ಮೆಟ್ಟಿಲ ಮೇಲೆ ಒಂದು ಗಂಟೆ ನಿಂತು ನೋಡಿದೆ. ನಾನು ಎರಡು ತಿಂಗಳು ಆ ರಸ್ತೆಯಲ್ಲಿ ಗಾಡಿ ಓಡಿಸಿದ್ದೇನೆ, ನಡೆಯುವವರ ದೀಪವನ್ನು ಒಂದು ದಿನವೂ ನೋಡಿರಲಿಲ್ಲ. ನೀನು ಬರೆದ ಹಾಗೇ ಇತ್ತು. ಕೆಂಪು ಬಿದ್ದು ಒಂದು ಎಣಿಸುವಷ್ಟರಲ್ಲಿ ಆ ಪುಟ್ಟ ಹಸಿರು ಮನುಷ್ಯ ಬರುತ್ತಿದ್ದ. ಗಾಡಿಗಳೆಲ್ಲ ನಿಂತೇ ಇರುತ್ತಿದ್ದವು. ಎಂಟು ಸಲ ನೋಡಿದೆ, ಎಂಟು ಸಲವೂ ಹಾಗೇ.

ಇಷ್ಟಾದರೂ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ಕಾಲುಚೀಲ ಕೊಟ್ಟೆ, ಅಕ್ಕ. ಕೊಡಬಾರದಿತ್ತು. ಅವಳಿಗೆ ತುಂಬ ಇಷ್ಟವಾಯಿತು. ಗಾಯ ಕೀವಾಗಿ ಎರಡನೇ ಆಪರೇಶನ್ ಆಗಿತ್ತು, ಆಗಷ್ಟೇ ವಾಕರ್ ಹಿಡಿದು ಮಂಚದಿಂದ ಕಿಟಕಿಯವರೆಗೆ ನಡೆದಿದ್ದಳು. ಅವತ್ತು ಅವಳ ಕಚೇರಿಯಿಂದ ಒಬ್ಬ ಅಧಿಕಾರಿ ಬಂದು ಒಂದು ಕಾಗದ ಓದಿ ಹೇಳಿದ. ರಸ್ತೆ ದಾಟುವಾಗ ಅಜಾಗರೂಕತೆ ಎಂದು ಬರೆದಿದ್ದರು. ಅಲ್ಲಿದ್ದ ಹಣ್ಣಿನವನು, ಇನ್ನೊಬ್ಬ, ಇಬ್ಬರೂ ಪೊಲೀಸರಿಗೆ ಹೇಳಿದ್ದಾರಂತೆ, ಬಿಳಿ ಗಾಡಿ ನುಗ್ಗಿದ್ದು ನಿಜ, ಆದರೆ ಅಡ್ಡರಸ್ತೆಯ ಗಾಡಿಗಳಿಗೆ ಇನ್ನೂ ಹಸಿರು ಬಂದಿರಲಿಲ್ಲ, ಇವಳೂ ಅವಸರ ಮಾಡಿ ಮೊದಲೇ ಇಳಿದಳು ಎಂದು. ಇನ್ನು ಮೇಲೆ ಅವಳನ್ನು ಬೀದಿಗೆ ಕಳಿಸುವುದಿಲ್ಲವಂತೆ, ಕಚೇರಿಯ ಕಡತದ ಕೋಣೆಯಲ್ಲಿ ಕೂರಿಸುತ್ತಾರಂತೆ.

ಅಧಿಕಾರಿ ಹೋದ ಮೇಲೆ ಅವಳು ನನಗೆ ಹೇಳಿದಳು, "ನಾನು ಹಸಿರು ನೋಡಿಯೇ ಇಳಿದೆ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಎಲ್ಲರೂ ಇಲ್ಲ ಅಂತಾರೆ. ಈಗ ನನಗೇ ಅನುಮಾನ ಬರ್ತಿದೆ. ಇಪ್ಪತ್ತು ವರ್ಷ ಮೀಟರ್ ಓದಿದ ಕಣ್ಣು ನನ್ನದು, ಅದನ್ನೇ ನಂಬೋ ಹಾಗಿಲ್ಲ ಅಂದ್ರೆ ಹೇಗೆ?"

ಅವಳ ಕಾಲು ಮುರಿದದ್ದು ನಾನು. ಈಗ ಅವಳ ಕಣ್ಣನ್ನೂ ಕಿತ್ತುಕೊಳ್ಳುತ್ತಿದ್ದೇನೆ. ಅವಳು ಕಂಡದ್ದು ಸರಿ ಎಂದು ಗೊತ್ತಿರುವವನು ಈ ಊರಿನಲ್ಲಿ ನಾನೊಬ್ಬನೇ, ಅದೂ ನಿನ್ನ ಕಾಗದದಿಂದ.

ಹೇಳಿದರೆ ಕೆಲಸ ಹೋಗುತ್ತದೆ, ಲೈಸೆನ್ಸ್ ಹೋಗುತ್ತದೆ, ಜೈಲೂ ಆಗಬಹುದು. ಅದಕ್ಕಿಂತ ಹೆಚ್ಚಾಗಿ ಅವಳ ಮುಖ ನೋಡಲು ಹೆದರಿಕೆ. ನೀನು ಏನಾದರೂ ಬರಿ, ಅಕ್ಕ. ಬೈದಾದರೂ ಬರಿ.

ತಮ್ಮ


ಮೇ ೪

ಅಕ್ಕಾ,

ಎರಡು ವಾರವಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ದಿನಾ ಕೆಲಸದಿಂದ ಬಂದ ಕೂಡಲೇ ಕಾಗದದ ಡಬ್ಬಿಗೆ ಕೈ ಹಾಕುತ್ತೇನೆ. ಬೀಗದವನಿಗೂ ಪಾಪ ಅನ್ನಿಸಿ, ಡಬ್ಬಿಯ ಬೀಗ ಕೆಟ್ಟಿದೆಯಾ ನೋಡಲಾ ಎಂದ. ನೀನು ನನ್ನನ್ನು ಕೈಬಿಟ್ಟಿದ್ದೀಯ ಎಂದು ತಿಳಿದುಕೊಂಡಿದ್ದೇನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೂ ನಡೆದದ್ದನ್ನು ನಿನಗಲ್ಲದೆ ಯಾರಿಗೆ ಬರೆಯಲಿ?

ಹೋದ ಮಂಗಳವಾರ ಅವಳಿಗೆ ಹೇಳಿದೆ. ಬಟ್ಟೆಯ ತಳ್ಳುಗಾಡಿಯನ್ನು ಬಾಗಿಲ ಹೊರಗೇ ನಿಲ್ಲಿಸಿ ಬರಿಗೈಯಲ್ಲಿ ಒಳಗೆ ಹೋದೆ. ಅವಳು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಆ ಬಿಳಿ ಗಾಡಿ ನನ್ನದೇ, ನಿಲ್ಲಿಸದೆ ಹೋದವನು ನಾನೇ ಎಂದೆ. ಮನಸ್ಸಿನಲ್ಲಿ ನೂರು ಸಲ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲೋ ಹೋಯಿತು, ಅಷ್ಟೇ ಬಾಯಿಗೆ ಬಂತು. ಅವಳು ಕಿರುಚುತ್ತಾಳೆ, ನರ್ಸನ್ನು ಕರೆಯುತ್ತಾಳೆ ಎಂದುಕೊಂಡಿದ್ದೆ. ಅದೇನೂ ಆಗಲಿಲ್ಲ. ಅವಳು ಕೇಳಿದ್ದು ಒಂದೇ ಮಾತು.

"ಹಸಿರಿತ್ತಾ?"

"ಇತ್ತು, ಮೇಡಂ. ನಿಮಗೆ ಹಸಿರು, ನನಗೆ ಕೆಂಪು."

ಪೆಟ್ಟಿಗೆಯ ವಿಷಯ, ನಾನು ಮೆಟ್ಟಿಲ ಮೇಲೆ ನಿಂತು ಎಂಟು ಸಲ ನೋಡಿದ್ದು, ಎಲ್ಲ ಹೇಳಿದೆ. ಅವಳು ಅತ್ತಳು. ಕಾಲು ಮುರಿದು ಮಲಗಿದಾಗಲೂ ನಗಿಸುತ್ತಿದ್ದವಳು, ಅಕ್ಕ, ತಾನು ಹಸಿರಿಗೇ ಇಳಿದಿದ್ದೆ ಎಂದು ಗೊತ್ತಾದಾಗ ಅತ್ತಳು. ಆಮೇಲೆ ಬಗ್ಗಿ, ಒಂದೊಂದೇ ಕಾಲುಚೀಲವನ್ನು ಕಷ್ಟಪಟ್ಟು ತೆಗೆದು, ಮಡಿಸಿ ನನ್ನ ಕೈಗೆ ಕೊಟ್ಟಳು. ನಾಳೆಯಿಂದ ಬೇರೆ ಯಾರಾದರೂ ಬಟ್ಟೆ ತರಲಿ ಎಂದಳು. ಆ ಕೆಟ್ಟ ಕಾಲಿನಿಂದ ಅದನ್ನು ತೆಗೆಯುವುದು ಅವಳಿಗೆ ಎಷ್ಟು ನೋವಾಯಿತು ಎಂದು ನಾನು ನಿಂತು ನೋಡಬೇಕಾಯಿತು.

ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದೆ. ಬರೆದುಕೊಂಡರು, ಸಹಿ ಹಾಕಿಸಿಕೊಂಡರು, ಲೈಸೆನ್ಸ್ ತೆಗೆದಿಟ್ಟುಕೊಂಡರು. ಕೇಸು ನಡೆಯುತ್ತದೆ. ಸೂಪರ್‌ವೈಸರ್ ತಲೆ ಮೇಲೆ ಕೈ ಹೊತ್ತು ಕೂತರು, ಆದರೆ ಹೊರಗೆ ಹಾಕಲಿಲ್ಲ. ಈಗ ಲಾಂಡ್ರಿಯ ಒಳಗೆ ಇಸ್ತ್ರಿ ಯಂತ್ರದ ಮುಂದೆ ನಿಂತಿದ್ದೇನೆ. ಬಿಸಿ ಹಬೆಗೆ ಕೈಯೆಲ್ಲ ಕೆಂಪಾಗಿದೆ. ಆದರೂ ಹೇಳಿದ ದಿನ ಕಣ್ಣು ತುಂಬ ನಿದ್ದೆ ಬಂತು, ಆರು ವಾರದಲ್ಲಿ ಮೊದಲ ಸಲ.

ತಮ್ಮ


ಮೇ ೫

ತಮ್ಮಾ,

ನಿನ್ನ ಎರಡು ಕಾಗದವನ್ನೂ ಓದಿ ಹತ್ತು ದಿನವಾಯಿತು. ನಾಲ್ಕು ಸಲ ಬರೆದು ಹರಿದೆ. ಬೈಯುವುದು ಸುಲಭವಾಗಿತ್ತು. ಬಿದ್ದವಳನ್ನು ಬಿಟ್ಟು ಹೋದೆಯಲ್ಲ ಎಂದು ನೆನೆದಾಗ ಈಗಲೂ ಮೈ ಉರಿಯುತ್ತದೆ. ಇಬ್ಬರು ಬಂದರೆ ಸಾಕು ಎಂದು ಲೆಕ್ಕ ಹಾಕಲು ನೀನು ಯಾರು? ಇಷ್ಟು ಬೈದೆ. ಆದರೆ ಇದಕ್ಕಿಂತ ಮುಂದೆ ಬೈಯಲು ಹೋದಾಗಲೆಲ್ಲ ಕೈ ನಿಂತಿತು, ಯಾಕೆಂದರೆ ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೇನೆ.

ಫೆಬ್ರವರಿಯಲ್ಲಿ ನಿನಗೆ ಬರೆಯುವಾಗಲೇ ಹೊಸ ಪೆಟ್ಟಿಗೆಯ ವಿವರ ನನ್ನ ಮೇಜಿನ ಮೇಲಿತ್ತು. ನಡೆಯುವವರಿಗೆ ಮೊದಲು ಹಸಿರು ಎಂದು ಗೊತ್ತಿತ್ತು. ನಿಮ್ಮ ಊರಿನಲ್ಲಿ ಜನವರಿಯಲ್ಲೇ ಹಾಕಿಯಾಗಿದೆ ಎಂದೂ ಗೊತ್ತಿತ್ತು, ಅಲ್ಲಿನ ಸಿಗ್ನಲ್ ವಿಭಾಗದಲ್ಲಿ ನನ್ನ ಜೊತೆ ಕೆಲಸ ಕಲಿತವನೊಬ್ಬನಿದ್ದಾನೆ. ಅದನ್ನೆಲ್ಲ ಒಂದು ಹಾಳೆ ತುಂಬ ಬರೆದೂ ಇದ್ದೆ. ಆಮೇಲೆ ಆ ಹಾಳೆಯನ್ನು ತೆಗೆದಿಟ್ಟೆ. ನಿನ್ನ ಕಾಗದ ಓದಿ ಎಲ್ಲರೂ ನಕ್ಕಿದ್ದರಲ್ಲ, ನನ್ನ ಗುಟ್ಟಿನಿಂದ ನನ್ನ ತಮ್ಮ ಪಾದರಸ ಎನ್ನಿಸಿಕೊಂಡನಲ್ಲ, ಆ ಸಂತೋಷ ಇನ್ನೂ ಸ್ವಲ್ಪ ದಿನ ಇರಲಿ ಅನ್ನಿಸಿತು. ಇನ್ನೊಂದು ಸಲ ಬರೆದರಾಯಿತು ಎಂದುಕೊಂಡೆ. ಮೂವತ್ತು ವರ್ಷ ಈ ಕೆಲಸ ಮಾಡಿ, ಆ ಎರಡು ಸೆಕೆಂಡು ಇರುವುದು ಚೌಕದ ನಡುವೆ ಸಿಕ್ಕಿಕೊಂಡ ನಿಧಾನದವರಿಗಾಗಿ ಎಂದು ಗೊತ್ತಿದ್ದೂ, ಅದನ್ನು ನಿನಗೆ ಉಡುಗೊರೆ ಕೊಟ್ಟ ಹಾಗೆ ಕೊಟ್ಟೆ. ಅವಳ ಕಾಲಿನಲ್ಲಿ ನನ್ನ ಪಾಲೂ ಇದೆ.

ನಿನ್ನೆ ಆರೂ ಜನ ಹೊಸಬರಿಗೆ ಇದನ್ನೇ ಪಾಠ ಮಾಡಿದೆ. ನನ್ನ ತಪ್ಪು, ನಿನ್ನ ತಪ್ಪು ಎರಡನ್ನೂ ಬಿಡಿಸಿ ಹೇಳಿದೆ. ಯಾರೂ ನಗಲಿಲ್ಲ.

ಈಗ ಕೇಳು. ಆ ಚೌಕದ ಪೆಟ್ಟಿಗೆಯ ದಾಖಲೆಯನ್ನು ನನ್ನ ಆ ಹಳೆಯ ಜೊತೆಗಾರನಿಂದ ಮೊಹರು ಹಾಕಿಸಿ ತರಿಸಿದ್ದೇನೆ. ಯಾವ ತಾರೀಖಿನಿಂದ ಯಾವ ದೀಪ ಎಷ್ಟು ಹೊತ್ತು ಎಂದು ಅದರಲ್ಲಿದೆ. ಅವಳ ಕಚೇರಿಗೂ ಪೊಲೀಸರಿಗೂ ಒಂದೊಂದು ಪ್ರತಿ ಇಟ್ಟಿದ್ದೇನೆ. ಅವಳಿಗೆ ನಾನೇ ಬರೆದ ಕಾಗದವೂ ಇದೆ, ಅಂಟಿಸಿದ್ದೇನೆ, ನೀನು ಒಡೆಯಬೇಡ. ಇವನ್ನೆಲ್ಲ ತೆಗೆದುಕೊಂಡು ಅವಳ ಹತ್ತಿರ ಹೋಗು, ಎದುರು ನಿಂತು ಹೇಳು. ಹೇಳದಿದ್ದರೆ ನಾನೇ ಬಸ್ಸು ಹತ್ತಿ ಬಂದು ಹೇಳುತ್ತೇನೆ. ಕಿವಿ ಕೇಳದವಳ ಜೊತೆ ವಾದ ಮಾಡಿ ಗೆದ್ದವರಿಲ್ಲ, ಬೇಕಿದ್ದರೆ ಭಾವನನ್ನು ಕೇಳು.

ನಿನ್ನನ್ನು ಕೈಬಿಡುವ ಮಾತು ಎಂದೂ ಇಲ್ಲ. ಅಮ್ಮ ಹೋದಾಗ ನಿನಗೆ ಆರು ವರ್ಷ. ಅವತ್ತು ಹಿಡಿದ ಕೈ ಇದು.

ಅಕ್ಕ


ಮೇ ೧೨

ತಮ್ಮಾ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನಾನು ಹೇಳು ಎಂದು ಬರೆದಾಗ ನೀನು ಆಗಲೇ ಹೇಳಿಯಾಗಿತ್ತು. ಯಾರೂ ತಳ್ಳದೆ, ನನ್ನ ಮೌನವನ್ನು ಕೋಪವೆಂದು ತಿಳಿದುಕೊಂಡೂ ಹೋಗಿ ಹೇಳಿದೆ. ನಿನ್ನ ಕಾಗದವನ್ನು ಈ ಸಲ ವರ್ಕ್‌ಶಾಪಿನಲ್ಲಿ ಓದಲಿಲ್ಲ. ಸಿಗ್ನಲ್ ದೀಪ ಬದಲಿಸಲು ಏಣಿ ಗಾಡಿಯಲ್ಲಿ ಮೇಲೆ ಹೋದಾಗ ಒಬ್ಬಳೇ ಓದಿದೆ, ಅಲ್ಲೇ ಅತ್ತೆ. ಕೆಳಗಿದ್ದವರು ಕಣ್ಣಿಗೆ ಧೂಳು ಬಿತ್ತಾ ಎಂದು ಸನ್ನೆ ಮಾಡಿ ಕೇಳಿದರು, ಹೌದು ಎಂದೆ.

ಅವಳು ಕಾಲುಚೀಲ ತೆಗೆದುಕೊಟ್ಟದ್ದು ಸರಿಯಾಗಿಯೇ ಇದೆ. ಆ ದಾಖಲೆಯನ್ನು ನರ್ಸಿನ ಕೈಯಲ್ಲಿ ಕಳಿಸು, ನೀನು ಹೋಗಿ ಅವಳ ಕಣ್ಣಿಗೆ ಬೀಳಬೇಡ. ಕ್ಷಮಿಸುತ್ತಾಳೋ ಇಲ್ಲವೋ ಎಂದು ಕಾಯುತ್ತಲೂ ಕೂರಬೇಡ. ಅದು ಅವಳಿಗೆ ಬಿಟ್ಟದ್ದು. ಇಸ್ತ್ರಿ ಯಂತ್ರದ ಮುಂದೆ ಉದ್ದ ತೋಳಿನ ಅಂಗಿ ಹಾಕಿಕೋ, ಕೈ ಸುಟ್ಟುಕೊಳ್ಳಬೇಡ.

ಅಕ್ಕ


ಸೆಪ್ಟೆಂಬರ್ ೬

ಪ್ರೀತಿಯ ಅಕ್ಕನಿಗೆ,

ಕೇಸಿನ ವಿಷಯ ಹೋದ ಸಲ ಬರೆದಿದ್ದೆನಲ್ಲ, ಲೈಸೆನ್ಸ್ ಒಂದು ವರ್ಷ ಇಲ್ಲ. ಇವತ್ತು ಬರೆಯುವುದು ಬೇರೆ.

ಸೋಮವಾರ ಮೂಳೆ ವಾರ್ಡಿನ ನರ್ಸ್ ಲಾಂಡ್ರಿಗೆ ಫೋನ್ ಮಾಡಿ, ಮೀಟರಮ್ಮ ನಿಮ್ಮನ್ನು ನೋಡಬೇಕಂತೆ ಎಂದಳು. ಅವಳು ಆಸ್ಪತ್ರೆ ಬಿಟ್ಟು ಮೂರು ತಿಂಗಳಾಗಿತ್ತು. ನಿನ್ನ ದಾಖಲೆ ನೋಡಿ ಕಚೇರಿಯವರು ಅಜಾಗರೂಕತೆ ಎಂಬ ಮಾತನ್ನು ಹೊಡೆದುಹಾಕಿದ್ದರು, ಕಾಲು ಗಟ್ಟಿಯಾದರೆ ಬೀದಿಯ ಕೆಲಸಕ್ಕೇ ವಾಪಸ್ ಎಂದಿದ್ದರು. ಇಷ್ಟು ನರ್ಸಿನಿಂದ ಗೊತ್ತಿತ್ತು. ನನ್ನನ್ನು ಯಾಕೆ ಕರೆಯುತ್ತಾಳೆ ಎಂದು ಮಾತ್ರ ತಿಳಿಯಲಿಲ್ಲ. ನಿನ್ನೆ ಬೆಳಿಗ್ಗೆ ರಜೆ ಹಾಕಿ ಹೋದೆ. ಬರಲು ಹೇಳಿದ್ದು ಮನೆಗಲ್ಲ, ಆ ಚೌಕಕ್ಕೆ.

ಊರುಗೋಲು ಹಿಡಿದು ಫುಟ್‌ಪಾತಿನ ಮೇಲೆ ನಿಂತಿದ್ದಳು. ಹೆಗಲಲ್ಲಿ ಹೊಸ ಚೀಲ. ನಮಸ್ಕಾರ ಮಾಡಿದೆ. ಅವಳು ಪೀಠಿಕೆ ಹಾಕಲಿಲ್ಲ. ಎಲ್ಲ ರಸ್ತೆ ದಾಟುತ್ತಾಳಂತೆ, ಇದೊಂದನ್ನು ಬಿಟ್ಟು. ಇದರ ಮುಂದೆ ಬಂದಾಗ ಕಾಲು ಏಳುವುದಿಲ್ಲವಂತೆ. ಅರ್ಧ ಗಂಟೆ ಸುತ್ತಿಕೊಂಡು ಆ ಕಡೆಗೆ ಹೋಗುತ್ತಾಳಂತೆ. ಇಪ್ಪತ್ತು ದಿನ ಪ್ರಯತ್ನ ಮಾಡಿ ಸೋತಿದ್ದಾಳೆ. ಆ ಕಡೆಯ ಬೀದಿಯೇ ಅವಳ ಪಾಲಿನ ಮನೆಗಳು, ದಾಟದಿದ್ದರೆ ಕೆಲಸವಿಲ್ಲ.

"ಎಲ್ಲರೂ ಹೆದರಬೇಡ ಅಂತಾರೆ," ಎಂದಳು. "ಹಸಿರಿದ್ದಾಗಲೂ ಗಾಡಿ ಬರುತ್ತೆ ಅಂತ ಗೊತ್ತಿರೋದು ನಿಮಗೆ, ನನಗೆ. ಹೆದರಬೇಡ ಅಂತ ಹೇಳದವರು ಒಬ್ಬರು ಬೇಕಾಗಿತ್ತು. ಬನ್ನಿ ಜೊತೆಗೆ."

ನಾನು ಗಾಡಿಗಳು ಬರುವ ಬದಿಗೆ ನಿಂತೆ. ಅವಳ ಕೈ ಹಿಡಿಯಲಿಲ್ಲ, ಹಿಡಿಯುವ ಹಕ್ಕು ನನಗಿಲ್ಲ. ಎರಡು ಸಲ ಹಸಿರು ಬಂದು ಹೋಯಿತು, ಅವಳು ಕದಲಲಿಲ್ಲ. ಮೂರನೇ ಸಲ ಇಳಿದಳು. ಊರುಗೋಲು, ಕಾಲು, ಊರುಗೋಲು, ಕಾಲು. ನಾಲ್ಕು ಹೆಜ್ಜೆ ಹೋಗಿದ್ದೆವು. ನಿಂತಿದ್ದ ಗಾಡಿಗಳ ಪಕ್ಕದಿಂದ ಒಂದು ಬೈಕು ಕೆಂಪನ್ನು ಲೆಕ್ಕಿಸದೆ ನುಗ್ಗಿ ಬಂತು. ನಾನು ಅವಳ ಮುಂದೆ ಕೈ ಅಡ್ಡ ಹಿಡಿದು ನಿಂತೆ. ಬೈಕು ನನ್ನ ತೋಳಿಗೆ ಗಾಳಿ ಬೀಸಿಕೊಂಡು ಹೋಯಿತು. ಅವನು ತಿರುಗಿಯೂ ನೋಡಲಿಲ್ಲ.

ಬೈಯಬೇಕು ಎಂದು ಬಾಯಿ ತೆರೆದೆ, ಅಕ್ಕ, ಮಾತು ಬರಲಿಲ್ಲ. ಆ ಬೈಕಿನ ಮೇಲಿದ್ದವನು ನಾನೇ ಅನ್ನಿಸಿತು. ಮೀಟರಮ್ಮನಿಗೆ ಅಂಥ ತೊಂದರೆ ಏನೂ ಇರಲಿಲ್ಲ. ಊರುಗೋಲು ಎತ್ತಿ ಹಿಡಿದು ಅವನ ಏಳು ತಲೆಮಾರನ್ನೂ ವಿಚಾರಿಸಿಕೊಂಡಳು. ನಿಂತಿದ್ದ ಆಟೋದವರೆಲ್ಲ ನಕ್ಕರು. ಅವಳು ಈಗ ಹಿಂದಕ್ಕೆ ತಿರುಗುತ್ತಾಳೆ, ಇನ್ನು ಈ ಜನ್ಮದಲ್ಲಿ ಈ ರಸ್ತೆಗೆ ಇಳಿಯುವುದಿಲ್ಲ ಎಂದುಕೊಂಡೆ. ಅವಳು ತಿರುಗಲಿಲ್ಲ. ಮುಂದಕ್ಕೇ ನಡೆದಳು. ನಡುವೆ ಬಂದಾಗ ನಮ್ಮ ದೀಪ ಕೆಂಪಾಯಿತು, ಗಾಡಿಗಳಿಗೆ ಹಸಿರಾಯಿತು. ಮುಂದಿನ ಸಾಲಿನಲ್ಲಿ ಒಂದು ಬಸ್ಸಿತ್ತು. ಅದರ ಡ್ರೈವರು ಹಾರನ್ ಮಾಡಲಿಲ್ಲ, ಕಿಟಕಿಯಿಂದ ಕೈ ಹೊರಗೆ ಹಾಕಿ ಹಿಂದಿನವರನ್ನೂ ತಡೆದು, ನಾವು ದಾಟುವವರೆಗೆ ನಿಂತ.

ಆ ಕಡೆ ಮುಟ್ಟಿದ ಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಊರುಗೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ನಕ್ಕಳು. ನಾನು ಎರಡು ಮೆಟ್ಟಿಲು ಕೆಳಗೆ ನಿಂತೆ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀನು ಆಸೆಪಟ್ಟಂಥದ್ದೂ ಏನಿಲ್ಲ, ಭಾವನಿಗೆ ಹೇಳು. ನಿನ್ನ ಕಾಗದವನ್ನು ಇಟ್ಟುಕೊಂಡಿದ್ದಾಳಂತೆ, ನಿಮ್ಮ ಅಕ್ಕ ಚೆನ್ನಾಗಿ ಬರೀತಾರೆ ಎಂದಳು. ಆಮೇಲೆ ನನಗೆ ಲೈಸೆನ್ಸ್ ಯಾವಾಗ ವಾಪಸ್ ಬರುತ್ತದೆ ಎಂದು ಕೇಳಿದಳು. ಮುಂದಿನ ವರ್ಷ, ಆದರೆ ಇನ್ನು ಓಡಿಸುವ ಮನಸ್ಸಿಲ್ಲ, ಇಸ್ತ್ರಿಯೇ ಸಾಕು ಎಂದೆ.

ಅವಳು ಊರುಗೋಲಿನಿಂದ ರಸ್ತೆಯ ಕಡೆ ತೋರಿಸಿದಳು.

"ತಗೊಳ್ಳಿ, ಓಡಿಸಿ. ನಾನು ದಿನಾ ದಾಟಬೇಕು ಇಲ್ಲಿ. ಕೆಂಪಿಗೆ ನಿಲ್ಲೋ ಡ್ರೈವರು ಒಬ್ಬರಾದರೂ ಜಾಸ್ತಿ ಆಗಲಿ."

ಓಡಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟು ಬಂದಿದ್ದೇನೆ, ಅಕ್ಕ.

ನಿನ್ನ ತಮ್ಮ